ಬೆನ್ನಿಗೆ ನಿಂತ ಇಂಜಿನ್

ಮರ್ಮಗೋವಾ ಬಂದರಿನಲ್ಲಿ ಕಲ್ಲಿದ್ದಲು ತುಂಬಿಕೊಂಡು ಬಳ್ಳಾರಿ ಸೀಮೆಯ ಉಕ್ಕಿನ ಕಾರ್ಖಾನೆಗಳತ್ತ ಹೊರಟ ಗೂಡ್ಸ್ ಗಾಡಿ ಕುಳೆಂ ನಿಲ್ದಾಣದವರೆಗೆ ಹೆಚ್ಚಿನ ತ್ರಾಸವಿಲ್ಲದೆ ಬಂದುಬಿಡುತ್ತದೆ. ಅಲ್ಲಿಂದ ಮುಂದೆ ದೂಧಸಾಗರ ಜಲಪಾತವನ್ನು ಹಾದು, ಜೋಯಿಡಾ ತಾಲ್ಲೂಕಿನ ಕ್ಯಾಸಲ್ ರಾಕ್ ಮುಟ್ಟುವ ಸುಮಾರು 26 ಕಿಲೋಮೀಟರ್ ಮಾತ್ರ ಬೇರೆಯದೇ ಬಗೆಯ ದಾರಿ. ಅಲ್ಲಿ ಹಳಿ ಪ್ರತಿ 37 ಮೀಟರಿಗೆ ಒಂದು ಮೀಟರಿನಂತೆ ಮೇಲೇರುತ್ತದೆ. ಹಾಗಾಗಿ ಘಟ್ಟ ಹತ್ತುವ ಗಾಡಿಗೆ ಕುಳೆಂನಲ್ಲಿ ಒಂದು ಕಡ್ಡಾಯ ಉಪಚಾರವಿದೆ: ಹಿಂದಿನಿಂದ ಬೇರೆ ಇಂಜಿನ್ನುಗಳು ಬಂದು ಗಾಡಿಯ ಬಾಲಕ್ಕೆ ಕೊಂಡಿ ಹಾಕಿಕೊಳ್ಳುತ್ತವೆ. ರೈಲ್ವೆಯವರು ಇವನ್ನು ‘ಬ್ಯಾಂಕರ್’ ಎನ್ನುತ್ತಾರೆ. ಮುಂದಿನವು ಎಳೆಯುತ್ತವೆ, ಹಿಂದಿನವು ನೂಕುತ್ತವೆ. ಘಟ್ಟದ ನೆತ್ತಿಯಲ್ಲಿ ಬ್ಯಾಂಕರ್‌ಗಳು ಕಳಚಿಕೊಂಡು ಕೆಳಗಿಳಿಯುತ್ತವೆ. ಅಷ್ಟರಲ್ಲಿ ಮುಂದಿನ ಗಾಡಿ ಬಂದು ಕಾದಿರುತ್ತದೆ.

ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ಸಕಲೇಶಪುರಕ್ಕೆ ಹತ್ತುವ ಗಾಡಿಗಳಿಗೂ ಇದೇ ಕ್ರಮ. ಮುಂಬಯಿಯಿಂದ ಪುಣೆಯ ದಾರಿಯಲ್ಲಿ ಕರ್ಜತ್, ನಾಸಿಕದ ದಾರಿಯಲ್ಲಿ ಕಸಾರಾ ಕೂಡ ಬ್ಯಾಂಕರ್‌ಗಳ ಠಾಣೆಗಳೇ. ಇದನ್ನೆಲ್ಲ ನೋಡಿದವರು ಸಾಮಾನ್ಯವಾಗಿ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಒಂದು ಇಂಜಿನ್ನಿಗೆ ತಾಕತ್ತು ಸಾಲದು, ಅದಕ್ಕೇ ಇನ್ನೊಂದು. ಲೆಕ್ಕ ಹಾಕಿ ನೋಡಿದರೆ ತಾಕತ್ತಿನ ಕೊರತೆ ಕಥೆಯ ಒಂದು ಸಣ್ಣ ಪಾಲು ಅಷ್ಟೇ. ಬಲ ಎಷ್ಟಿದೆ ಎನ್ನುವುದಕ್ಕಿಂತ ಅದನ್ನು ಗಾಡಿಯ ಯಾವ ಜಾಗದಲ್ಲಿ ಹಚ್ಚುತ್ತೇವೆ ಎನ್ನುವುದೇ ಘಟ್ಟದಲ್ಲಿ ದೊಡ್ಡ ಪ್ರಶ್ನೆ.

ಎರಡು ಕಿಲೋ, ಇಪ್ಪತ್ತೇಳು ಕಿಲೋ

37ಕ್ಕೆ ಒಂದು ಎಂಬ ಏರು ನಮ್ಮ ಕಣ್ಣಿಗೆ ಏರೇ ಅಲ್ಲ. ಘಟ್ಟದ ರಸ್ತೆಗಳಲ್ಲಿ ಲಾರಿಗಳು ಇದರ ಎರಡು ಪಟ್ಟು ಕಡಿದಾದ ಏರನ್ನು ದಿನನಿತ್ಯ ಹತ್ತುತ್ತವೆ. ರೈಲಿಗೆ ಅದು ಗೋಡೆಯಂತಾಗಲು ಕಾರಣ ರೈಲಿನ ದೊಡ್ಡ ಗುಣವೇ.

ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಉರುಳುವಾಗ ಎರಡೂ ಬಹುತೇಕ ತಗ್ಗುವುದಿಲ್ಲ, ಬಗ್ಗುವುದಿಲ್ಲ. ಆದ್ದರಿಂದ ಸಮತಟ್ಟಾದ ಹಳಿಯ ಮೇಲೆ ಒಂದು ಟನ್ ತೂಕವನ್ನು ಉರುಳಿಸಿಕೊಂಡು ಹೋಗಲು ಸುಮಾರು ಎರಡು ಕಿಲೋ ತೂಕದಷ್ಟು ಬಲ ಸಾಕು. ರಬ್ಬರ್ ಟೈರಿನ ಲಾರಿಗೆ ಇದರ ಹಲವು ಪಟ್ಟು ಬೇಕು. ನೂರಾರು ಕಿಲೋಮೀಟರ್ ಬಯಲಿನಲ್ಲಿ ಒಂದೇ ಇಂಜಿನ್ ಸಾವಿರಾರು ಟನ್ ಎಳೆಯುವುದು ಈ ಮಿತವ್ಯಯದಿಂದ.

ಏರು ಬಂದೊಡನೆ ಗುರುತ್ವ ತನ್ನ ಪಾಲು ಕೇಳುತ್ತದೆ. 37ಕ್ಕೆ ಒಂದರ ಏರಿನಲ್ಲಿ ಪ್ರತಿ ಟನ್ನಿಗೆ ಒಂದು ಟನ್ನಿನ 37ನೇ ಒಂದು ಭಾಗ, ಅಂದರೆ 27 ಕಿಲೋದಷ್ಟು ಬಲ ಹೆಚ್ಚುವರಿಯಾಗಿ ಬೇಕು. ಎರಡು ಇದ್ದದ್ದು 29 ಆಯಿತು. ಹದಿನಾಲ್ಕು ಪಟ್ಟಿಗೂ ಹೆಚ್ಚು! ಲಾರಿಗೂ ಅದೇ 27 ಕಿಲೋ ಸೇರುತ್ತದೆ. ಆದರೆ ಬಯಲಿನಲ್ಲೇ ಹೆಚ್ಚು ಖರ್ಚು ಮಾಡುತ್ತಿದ್ದ ಅದಕ್ಕೆ ಈ ಏರಿಕೆ ಅಷ್ಟು ದುಬಾರಿಯೆನಿಸದು. ಬಯಲಿನಲ್ಲಿ ಉಳಿಸಿದ್ದಕ್ಕೆ ಘಟ್ಟದಲ್ಲಿ ತೆರಿಗೆ ಕಟ್ಟುವುದು ರೈಲಿನ ಪಾಲಿಗೆ ಬಂದಿದೆ. ತಿರುವುಗಳಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುವುದರಿಂದ ಇನ್ನಷ್ಟು ಬಲ ಸೋರಿಹೋಗುತ್ತದೆ, ಮತ್ತು ಘಟ್ಟವೆಂದರೆ ತಿರುವುಗಳೇ.

ಇಲ್ಲಿ ಒಂದು ಸೋಜಿಗವಿದೆ. ಕರ್ಜತ್‌ನಿಂದ ಲೋಣಾವಳದವರೆಗಿನ ಭೋರ್ ಘಾಟ್ ಸುಮಾರು 25 ಕಿಲೋಮೀಟರಿನಲ್ಲಿ 558 ಮೀಟರ್ ಮೇಲೇರುತ್ತದೆ. ಒಂದು ಟನ್ ಸರಕನ್ನು ಅಷ್ಟು ಎತ್ತರಕ್ಕೆ ಎತ್ತಲು ಗುರುತ್ವ ಕೇಳುವ ಶಕ್ತಿ ಸುಮಾರು ಒಂದೂವರೆ ಯೂನಿಟ್ ವಿದ್ಯುತ್ತಿನಷ್ಟು. ಮನೆಯ ಕರೆಂಟ್ ಬಿಲ್ಲಿನ ಮುಂದೆ ಅದು ಏನೇನೂ ಅಲ್ಲ. ಒಟ್ಟು ಶಕ್ತಿಯ ಲೆಕ್ಕದಲ್ಲಿ ಘಟ್ಟ ಅಂಥ ಶತ್ರುವಲ್ಲ. ಆ ಶಕ್ತಿಯನ್ನು ಹಳಿಗೆ ದಾಟಿಸುವುದೇ ಕಷ್ಟ.

ಜಾರುವ ಚಕ್ರ

ಒಂದು ನಿಜವಾದ ಗಾಡಿಯನ್ನೇ ತೆಗೆದುಕೊಳ್ಳೋಣ. ಕಲ್ಲಿದ್ದಲು ಸಾಗಿಸುವ ಬಾಕ್ಸ್‌ಎನ್ ವ್ಯಾಗನ್ ತುಂಬಿದಾಗ ಸುಮಾರು 81 ಟನ್ ತೂಗುತ್ತದೆ. ಅಂಥ 58 ವ್ಯಾಗನ್ನುಗಳೆಂದರೆ ಸುಮಾರು 4,700 ಟನ್. 37ಕ್ಕೆ ಒಂದರ ಏರಿನಲ್ಲಿ ಇದನ್ನು ಎಳೆಯಲು ಏರಿಗೆ 127 ಟನ್, ಉರುಳಾಟಕ್ಕೆ ಹತ್ತು ಟನ್, ಒಟ್ಟು ಸುಮಾರು 137 ಟನ್ ಬಲ ಬೇಕು. ಇಂಜಿನ್ನುಗಳು ತಮ್ಮ ಮೈಯನ್ನೂ ಮೇಲಕ್ಕೆ ಹೊತ್ತುಕೊಂಡು ಹೋಗಬೇಕಲ್ಲ, ಅದು ಬೇರೆ.

ಕುಳೆಂ-ಕ್ಯಾಸಲ್ ರಾಕ್ ದಾರಿಯಲ್ಲಿ ವರ್ಷಗಟ್ಟಲೆ ದುಡಿದದ್ದು ಹುಬ್ಬಳ್ಳಿ ಶೆಡ್ಡಿನ ಡಬ್ಲ್ಯುಡಿಜಿ-4 ಡೀಸೆಲ್ ಇಂಜಿನ್ನುಗಳು. ಒಂದೊಂದರ ತೂಕ 126 ಟನ್, ಶಕ್ತಿ 4,000 ಅಶ್ವಶಕ್ತಿ. ಗಂಟೆಗೆ 15 ಕಿಲೋಮೀಟರ್ ವೇಗಕ್ಕೆ ಲೆಕ್ಕ ಹಾಕಿದರೆ ಇಂಥ ಮೂರು ಇಂಜಿನ್ನುಗಳ ಅಶ್ವಶಕ್ತಿ ನಮ್ಮ ಗಾಡಿಗೆ ಧಾರಾಳ ಸಾಕು. ಆದರೂ ಮೂರನ್ನೇ ನಂಬಿ ಹೊರಡುವುದು ಜಾಣತನವಲ್ಲ. ಇಂಜಿನ್ ತನ್ನ ಎಷ್ಟು ಬಲವನ್ನು ಬಳಸಬಹುದು ಎಂಬುದನ್ನು ಕೊನೆಗೆ ನಿರ್ಧರಿಸುವುದು ಚಕ್ರ ಮತ್ತು ಹಳಿ ತಾಗುವ ಜಾಗ. ಒಂದೊಂದು ಚಕ್ರಕ್ಕೂ ಆ ಜಾಗ ನಾಣ್ಯದಷ್ಟೇ. ಅಲ್ಲಿನ ಘರ್ಷಣೆ ತಾಳುವಷ್ಟು ಮಾತ್ರ ತಿರುಗಿಸಬಹುದು. ಅದಕ್ಕಿಂತ ಹೆಚ್ಚು ತಿರುಗಿಸಿದರೆ ಚಕ್ರ ಇದ್ದಲ್ಲೇ ಗಿರಗಿರ ಸುತ್ತುತ್ತದೆ, ಗಾಡಿ ನಿಲ್ಲುತ್ತದೆ.

ಮೂರು ಇಂಜಿನ್ನುಗಳು ಈ ಗಾಡಿಯನ್ನು ಎಳೆಯಬೇಕಾದರೆ ಒಂದೊಂದೂ ತನ್ನ ತೂಕದ ನೂರಕ್ಕೆ 39ರಷ್ಟು ಬಲವನ್ನು ಹಳಿಯಿಂದ ಗಿಟ್ಟಿಸಬೇಕು. ಐದು ಇದ್ದರೆ ನೂರಕ್ಕೆ 25 ಸಾಕು. ಒಣಗಿದ, ಶುಭ್ರವಾದ ಹಳಿ ನೂರಕ್ಕೆ 30ರ ಸುತ್ತಮುತ್ತ ಕೊಡುತ್ತದೆ. ಇಂದಿನ ಮೂರು-ಫೇಸ್ ಮೋಟಾರುಗಳು ಚಕ್ರ ಜಾರುವ ಮುನ್ಸೂಚನೆ ಸಿಕ್ಕೊಡನೆ ಬಲವನ್ನು ಕ್ಷಣಾರ್ಧದಲ್ಲಿ ತಗ್ಗಿಸಿ, ಮತ್ತೆ ಏರಿಸಿ ಅದಕ್ಕಿಂತ ಹೆಚ್ಚನ್ನೂ ಗಿಟ್ಟಿಸಬಲ್ಲವು. ಹಳಿ ಒದ್ದೆಯಾದರೆ ಸಿಗುವುದು ನೂರಕ್ಕೆ 20, ಕೆಲವೊಮ್ಮೆ ಇನ್ನೂ ಕಡಿಮೆ.

ಸಹ್ಯಾದ್ರಿಯಲ್ಲಿ ಮಳೆಗಾಲ ನಾಲ್ಕು ತಿಂಗಳು. ಆದರೆ ಜಡಿಮಳೆಗಿಂತ ಜಿನುಗುಮಳೆ, ಮಂಜು ಹೆಚ್ಚು ಕಾಡುತ್ತವೆ. ಧೋ ಎಂದು ಸುರಿದ ಮಳೆ ಹಳಿಯನ್ನು ತೊಳೆದು ಹಾಕುತ್ತದೆ. ಹನಿಹನಿಯಾಗಿ ಬಿದ್ದ ನೀರು ಹಳಿಯ ಮೇಲಿನ ತುಕ್ಕು, ಧೂಳು, ತರಗೆಲೆಯ ಜಿಗುಟಿನ ಜೊತೆ ಕಲೆತು ತೆಳ್ಳನೆಯ ಲೋಳೆಯಾಗುತ್ತದೆ. ಅದಕ್ಕೆ ಮದ್ದು ರೈಲಿನಷ್ಟೇ ಹಳೆಯದು: ಚಕ್ರದ ಮುಂದೆ ಒಣ ಮರಳು ಉದುರಿಸುವುದು. ಲಕ್ಷಾಂತರ ರೂಪಾಯಿಯ ಎಲೆಕ್ಟ್ರಾನಿಕ್ಸ್ ಹೊತ್ತ ಇಂಜಿನ್ನಿನಲ್ಲೂ ಮರಳಿನ ಪೆಟ್ಟಿಗೆ ಇದ್ದೇ ಇರುತ್ತದೆ.

ಬ್ಯಾಂಕರ್ ಕೊಡುವ ಮೊದಲ ಸಹಾಯ ಇದು. ಅದು ಅಶ್ವಶಕ್ತಿಯ ಜೊತೆಗೆ ತೂಕವನ್ನೂ ತರುತ್ತದೆ, ಹಳಿಯನ್ನು ಹಿಡಿಯಲು ಇನ್ನೊಂದಿಷ್ಟು ಚಕ್ರಗಳನ್ನು ತರುತ್ತದೆ.

ಎಲ್ಲವನ್ನೂ ಮುಂದೆ ಕಟ್ಟಿದರೆ?

ಎತ್ತಿನ ಗಾಡಿಯವರು ಘಟ್ಟದ ಬುಡದಲ್ಲಿ ಮುಂದೆ ಇನ್ನೊಂದು ಜೋಡಿ ಎತ್ತು ಹೂಡುತ್ತಿದ್ದರು. ಹಾಗೆ ಐದೂ ಇಂಜಿನ್ನುಗಳನ್ನು ಮುಂದೆಯೇ ಕಟ್ಟಿದರೆ ಆಗದೇ? ಎತ್ತಿಗೆ ಒಂದೇ ಗಾಡಿ. ರೈಲಿಗೆ ಸಾಲುಸಾಲು ಗಾಡಿ. ಇಂಜಿನ್ನಿನ ಹಿಂದಿನ ಮೊದಲ ಕೊಂಡಿ 58 ವ್ಯಾಗನ್ನುಗಳ ಭಾರವನ್ನೂ ತಾಳಬೇಕು, ಎರಡನೆಯದು 57ರದ್ದು, ಮೂರನೆಯದು 56ರದ್ದು. ಕೊನೆಯ ವ್ಯಾಗನ್ನಿನ ಹಿಂದೆ ಎಳೆತ ಸೊನ್ನೆ. ಎಲ್ಲ ಇಂಜಿನ್ನೂ ಮುಂದಿದ್ದರೆ ನಮ್ಮ ಗಾಡಿಯ ಮೊದಲ ಕೊಂಡಿಯ ಮೇಲೆ 137 ಟನ್ ಬೀಳುತ್ತದೆ. ಸವೆದ ಕೊಂಡಿ, ಕಣ್ಣಿಗೆ ಕಾಣದ ಸೀಳು, ಹೊರಡುವಾಗ ಬೀಳುವ ಒಂದು ಜಗ್ಗು — ಇವುಗಳಲ್ಲಿ ಯಾವುದು ಸೇರಿದರೂ ಕೊಂಡಿ ಮುರಿದು ಗಾಡಿ ಎರಡಾಗುತ್ತದೆ. ಇನ್ನೊಂದು ಅಪಾಯ ತಿರುವಿನದು. ಬಿಗಿಯಾಗಿ ಎಳೆದ ಗಾಡಿ ತಿರುವಿನಲ್ಲಿ ನೇರವಾಗಲು ನೋಡುತ್ತದೆ. ನಡುವೆ ಹಗುರವಾದ ಖಾಲಿ ವ್ಯಾಗನ್ನಿದ್ದರೆ ಅದು ಒಳಮಗ್ಗುಲಿಗೆ ಹಳಿ ತಪ್ಪಬಹುದು.

ಈಗ ಎರಡು ಇಂಜಿನ್ ಮುಂದೆ, ಮೂರು ಹಿಂದೆ ಎಂದುಕೊಳ್ಳಿ. ಐದೂ ಸಮನಾಗಿ ದುಡಿದರೆ ತಮ್ಮ ಮೈಭಾರ ಕಳೆದು ಮುಂದಿನವೆರಡು ಸುಮಾರು 55 ಟನ್ ಎಳೆಯುತ್ತವೆ, ಹಿಂದಿನ ಮೂರು ಸುಮಾರು 82 ಟನ್ ನೂಕುತ್ತವೆ. ಮೊದಲ ಕೊಂಡಿಯ ಹೊರೆ 137ರಿಂದ 55ಕ್ಕೆ ಇಳಿಯಿತು. ಮುಂದಿನ ಸುಮಾರು 23 ವ್ಯಾಗನ್ನುಗಳು ಎಳೆತದಲ್ಲಿವೆ, ಕೊಂಡಿಗಳು ಬಿಗಿದಿವೆ. ಹಿಂದಿನ ಸುಮಾರು 35 ವ್ಯಾಗನ್ನುಗಳು ನೂಕಿನಲ್ಲಿವೆ, ಒಂದಕ್ಕೊಂದು ಒತ್ತಿಕೊಂಡಿವೆ. ನಡುವೆ ಎಲ್ಲೋ ಒಂದು ಕೊಂಡಿಯ ಮೇಲೆ ಎಳೆತವೂ ಇಲ್ಲ, ಒತ್ತಡವೂ ಇಲ್ಲ. ಇಂಜಿನಿಯರುಗಳು ಅದನ್ನು ನೋಡ್ ಎನ್ನುತ್ತಾರೆ.

ಈ ನೋಡ್ ಒಂದೆಡೆ ನಿಲ್ಲುವಂಥದಲ್ಲ. ಮುಂದಿನ ಇಂಜಿನ್ನಿನ ಚಕ್ರ ಜಾರಿತೆನ್ನಿ, ನೋಡ್ ಮುಂದಕ್ಕೆ ಓಡುತ್ತದೆ. ಹಿಂದಿನವರು ಬಲ ತಗ್ಗಿಸಿದರೆ ಹಿಂದಕ್ಕೆ ಸರಿಯುತ್ತದೆ. ಅದು ಹಾದುಹೋದ ಕಡೆಯೆಲ್ಲ ಬಿಗಿದ ಕೊಂಡಿ ಸಡಿಲಾಗುತ್ತದೆ, ಸಡಿಲಾದದ್ದು ಬಿಗಿಯುತ್ತದೆ. ಒಂದೊಂದು ಕೊಂಡಿಯ ಸಡಿಲು ಸಣ್ಣದೇ ಆದರೂ ಐವತ್ತಕ್ಕೂ ಹೆಚ್ಚು ಕೊಂಡಿಗಳ ಸಡಿಲು ಒಟ್ಟಾಗಿ ಓಡಿದಾಗ ಗಾಡಿಯುದ್ದಕ್ಕೂ ಧಡಧಡ ಎಂಬ ಹೊಡೆತ ಸಾಗುತ್ತದೆ. ನೂಕುವುದಕ್ಕೂ ಮಿತಿ ಇದೆ. ಒತ್ತಡದಲ್ಲಿರುವ ವ್ಯಾಗನ್ನುಗಳು ತಿರುವಿನಲ್ಲಿ ಹೊರಮಗ್ಗುಲಿಗೆ ಹಾರಲು ನೋಡುತ್ತವೆ. ಎಳೆದರೆ ಒಳಗೆ, ನೂಕಿದರೆ ಹೊರಗೆ. ಎರಡರ ನಡುವೆ ಬಲವನ್ನು ಹಂಚುವುದೇ ಬ್ಯಾಂಕರ್ ಕಟ್ಟುವ ವಿದ್ಯೆ.

ಏರನ್ನು ಒಂದೆಡೆ ಸೇರಿಸುವುದು

ಇಷ್ಟು ಪಾಡು ಪಡುವ ಬದಲು ಇಡೀ ದಾರಿಯನ್ನೇ ಸುತ್ತಿಸಿ, ಏರನ್ನು ನೂರಾರು ಕಿಲೋಮೀಟರಿಗೆ ತೆಳುವಾಗಿ ಹಂಚಬಾರದಿತ್ತೇ? ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕೊಟ್ಟವರಲ್ಲಿ ಪ್ರಮುಖ ಅಮೆರಿಕದ ಇಂಜಿನಿಯರ್ ಆರ್ಥರ್ ವೆಲಿಂಗ್ಟನ್. ರೈಲು ಮಾರ್ಗಗಳನ್ನು ಗುರುತಿಸುವ ಅರ್ಥಶಾಸ್ತ್ರದ ಮೇಲೆ ಅವನು ಬರೆದ, 1887ರಲ್ಲಿ ವಿಸ್ತರಿಸಿದ ಗ್ರಂಥದಲ್ಲಿ ಸಹಾಯಕ ಇಂಜಿನ್ನುಗಳ ಚರ್ಚೆ ದೊಡ್ಡದಾಗಿಯೇ ಇದೆ. ವಾದ ಸರಳ. ಒಂದು ಮಾರ್ಗದ ಗಾಡಿ ಎಷ್ಟು ಭಾರವಿರಬೇಕು ಎಂಬುದನ್ನು ಆ ಮಾರ್ಗದ ಅತಿ ಕಡಿದಾದ ಏರು ನಿರ್ಧರಿಸುತ್ತದೆ. ಅಂಥ ಏರುಗಳು ಅಲ್ಲಲ್ಲಿ ಚದುರಿದ್ದರೆ ಇಡೀ ದಾರಿಗೆ ಇಂಜಿನ್ ಹೆಚ್ಚು ಬೇಕು, ಇಲ್ಲವೇ ಗಾಡಿ ಚಿಕ್ಕದಾಗಬೇಕು. ಎಲ್ಲ ಏರನ್ನೂ ಒಂದೇ ತುಂಡಿನಲ್ಲಿ ಸೇರಿಸಿ ಅಲ್ಲಿ ಮಾತ್ರ ಸಹಾಯಕ ಇಂಜಿನ್ ಇಟ್ಟರೆ ಉಳಿದ ದಾರಿಯಲ್ಲಿ ಗಾಡಿ ಹಗುರಾಗಿ ಓಡುತ್ತದೆ, ಬ್ಯಾಂಕರ್‌ಗಳಿಗೂ ದಿನವಿಡೀ ಕೈತುಂಬ ಕೆಲಸ.

ವೆಲಿಂಗ್ಟನ್ ಲೆಕ್ಕ ಬರೆಯುವ ಮೊದಲೇ ಇಂಗ್ಲೆಂಡಿನಲ್ಲಿ ಇದರ ಪ್ರಯೋಗ ನಡೆದಿತ್ತು. ಬ್ರಾಮ್ಸ್‌ಗ್ರೋವ್ ಬಳಿಯ ಲಿಕ್ಕಿ ಏರು 37.7ಕ್ಕೆ ಒಂದು, ಉದ್ದ ಎರಡು ಮೈಲಿ, ತೆರೆದದ್ದು 1840ರಲ್ಲಿ. ಇಂಗ್ಲೆಂಡಿನ ಇಂಜಿನ್ನುಗಳಿಗೆ ಇದು ಆಗದ ಮಾತು ಎಂದು ಅನೇಕರು ಹೇಳಿದಾಗ ಇಂಜಿನಿಯರ್ ಮೂರ್ಸಮ್ ಫಿಲಡೆಲ್ಫಿಯಾದ ನಾರಿಸ್ ಕಂಪನಿಯಿಂದ ಇಂಜಿನ್ ತರಿಸಿದ. 1919ರಲ್ಲಿ ಈ ಏರಿಗೆಂದೇ ಡಾರ್ಬಿಯಲ್ಲಿ ಹತ್ತು ಚಾಲಕ ಚಕ್ರಗಳ ‘ಬಿಗ್ ಬರ್ತಾ’ ತಯಾರಾಯಿತು. ಕತ್ತಲಲ್ಲಿ ಗಾಡಿಯ ಹಿಂಬದಿಯನ್ನು ಮೆಲ್ಲಗೆ ಮುಟ್ಟಲು ಅದಕ್ಕೊಂದು ದೊಡ್ಡ ದೀಪವಿತ್ತು. ಅಲ್ಲಿ ಬ್ಯಾಂಕರಿಗೆ ಕೊಂಡಿ ಹಾಕುತ್ತಿರಲಿಲ್ಲ. ಬರಿದೇ ಒತ್ತಿ ನಿಂತು ನೂಕಿ, ಏರು ಮುಗಿದಲ್ಲಿ ಹಿಂದೆ ಉಳಿದುಬಿಡುತ್ತಿತ್ತು. 1956ರವರೆಗೆ ಅದು ಮಾಡಿದ್ದು ಆ ಎರಡು ಮೈಲಿಯ ಕೆಲಸವನ್ನೇ.

ಸಹ್ಯಾದ್ರಿಗೆ ಈ ಪಾಠ ಬಂದದ್ದು ಜೇಮ್ಸ್ ಬರ್ಕ್ಲಿಯ ಮೂಲಕ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮುಖ್ಯ ಇಂಜಿನಿಯರಾಗಿ ಅವನು ರೂಪಿಸಿದ ಭೋರ್ ಘಾಟ್ ಮಾರ್ಗ 1863ರಲ್ಲಿ, ಕಸಾರಾ-ಇಗತ್‌ಪುರಿ ನಡುವಿನ ಥಳ್ ಘಾಟ್ 1865ರಲ್ಲಿ ತೆರೆದವು. ಎರಡರಲ್ಲೂ ಅತಿ ಕಡಿದಾದ ಏರು 37ಕ್ಕೆ ಒಂದು. ಭೋರ್ ಘಾಟಿನ ಗುತ್ತಿಗೆದಾರ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ ಭಾರತಕ್ಕೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಗುತ್ತಿಗೆಯನ್ನು ಮುಂದುವರಿಸಿದ್ದು ಅವನ ಹೆಂಡತಿ ಆಲಿಸ್. ಸುರಂಗ ಕೊರೆದ, ಬಂಡೆಗೆ ಹಗ್ಗ ಕಟ್ಟಿಕೊಂಡು ಇಳಿದ, ಕಾಲರಾಕ್ಕೆ ತುತ್ತಾದ ಸಾವಿರಾರು ಕೂಲಿಗಳ ಹೆಸರು ಮಾತ್ರ ಎಲ್ಲೂ ಉಳಿದಿಲ್ಲ. ಪೋರ್ಚುಗೀಸ್ ಗೋವಾದಿಂದ ಕ್ಯಾಸಲ್ ರಾಕ್‌ಗೆ ಮೀಟರ್ ಗೇಜ್ ಹಳಿ 1888ರಲ್ಲಿ ಬಂತು. ನಮ್ಮ ಸಕಲೇಶಪುರದ ಘಟ್ಟಕ್ಕೆ 1979ರವರೆಗೆ ಕಾಯಬೇಕಾಯಿತು. ಆ ವೇಳೆಗೆ ಇಂಜಿನಿಯರುಗಳು 37ಕ್ಕೆ ಒಂದರ ಗೊಡವೆ ಬಿಟ್ಟು 50ಕ್ಕೆ ಒಂದನ್ನು ಆರಿಸಿಕೊಂಡಿದ್ದರು. ಏರು ಅಷ್ಟು ಸೌಮ್ಯವಾಗಬೇಕಾದರೆ ದಾರಿ ಉದ್ದವಾಗಬೇಕು, ಬೆಟ್ಟಗಳನ್ನು ಕೊರೆಯಬೇಕು: 57 ಸುರಂಗಗಳು ಆ ಆಯ್ಕೆಯ ಬೆಲೆ.

1920ರ ದಶಕದ ಕೊನೆಗೆ ಭೋರ್ ಮತ್ತು ಥಳ್ ಘಾಟ್‌ಗಳಿಗೆ ವಿದ್ಯುತ್ ಬಂತು. ಜೊತೆಗೇ ಬಂದದ್ದು, ತಿರುವಿನಲ್ಲಿ ಬಾಗುವಂತೆ ಮೈಯನ್ನು ತುಂಡುತುಂಡಾಗಿ ಜೋಡಿಸಿದ್ದ ಡಬ್ಲ್ಯುಸಿಜಿ-1 ಇಂಜಿನ್. ಮರಾಠಿ ಸಿಬ್ಬಂದಿ ಅದನ್ನು ‘ಖೇಕಡಾ’, ಏಡಿ, ಎಂದು ಕರೆದರು. ಹತ್ತಾರು ವರ್ಷ ಘಟ್ಟದ ಗಾಡಿಗಳನ್ನು ನೂಕಿದ ಈ ಏಡಿಗಳಲ್ಲೊಂದು ಈಗ ದೆಹಲಿಯ ರೈಲು ಸಂಗ್ರಹಾಲಯದಲ್ಲಿದೆ.

ಕಾಣದ ಇಬ್ಬರ ಮಾತುಕತೆ

ಹಿಂದಿನ ಇಂಜಿನ್ನಿನ ಲೋಕೋ ಪೈಲಟ್‌ಗೆ ಕಾಣುವುದು ಮುಂದಿರುವ ವ್ಯಾಗನ್ನಿನ ಬೆನ್ನು ಮಾತ್ರ. ಸಿಗ್ನಲ್ ಕೆಂಪಾಯಿತೇ, ಹಳಿಯ ಮೇಲೆ ಬಂಡೆ ಉರುಳಿತೇ, ಅವರಿಗೆ ಗೊತ್ತಾಗದು. ಮುಂದಿನವರು ಬ್ರೇಕ್ ಹಾಕುವಾಗ ಹಿಂದಿನವರು ನೂಕುತ್ತಲೇ ಇದ್ದರೆ ನಡುವಿನ ವ್ಯಾಗನ್ನುಗಳು ಎದ್ದು ಹೊರಬೀಳುತ್ತವೆ.

ಹಿಂದೆ ಇವರ ಮಾತುಕತೆಯೆಲ್ಲ ಸೀಟಿಯಲ್ಲೇ ನಡೆಯುತ್ತಿತ್ತು. ಇಷ್ಟು ಉದ್ದ, ಇಷ್ಟು ಗಿಡ್ಡ ಎಂಬ ಗೊತ್ತಾದ ಸಂಕೇತಗಳು ಇಂದಿಗೂ ಇವೆ. ಈಗ ವಾಕಿಟಾಕಿಯೂ ಇದೆ. ಆದರೆ ಕೊನೆಯ ನಂಬಿಕೆ ಒಂದು ಕೊಳವೆಯ ಮೇಲೆ. ಮುಂದಿನ ಇಂಜಿನ್ನಿನಿಂದ ಎಲ್ಲ ವ್ಯಾಗನ್ನುಗಳ ಅಡಿಯಲ್ಲಿ ಹಾದು ಬ್ಯಾಂಕರ್‌ವರೆಗೆ ಬರುವ ಬ್ರೇಕ್ ಪೈಪಿನಲ್ಲಿ ಚದರ ಸೆಂಟಿಮೀಟರಿಗೆ ಐದು ಕಿಲೋ ಒತ್ತಡದ ಗಾಳಿ ತುಂಬಿರುತ್ತದೆ. ಒತ್ತಡ ಇರುವ ತನಕ ಬ್ರೇಕ್ ಬಿಟ್ಟಿರುತ್ತದೆ; ಇಳಿದರೆ ಹಿಡಿಯುತ್ತದೆ. ಗಾಡಿ ತುಂಡಾಗಿ ಪೈಪ್ ಕಿತ್ತರೂ ಒತ್ತಡ ಇಳಿದು ಎರಡೂ ತುಂಡುಗಳು ತಾವಾಗಿ ನಿಲ್ಲುತ್ತವೆ. ಬ್ಯಾಂಕರಿನವರ ಕಣ್ಣು ಆ ಗೇಜಿನ ಮುಳ್ಳಿನ ಮೇಲೆಯೇ: ಮುಳ್ಳು ಕೆಳಗಿಳಿದ ಕ್ಷಣ ನೂಕುವುದನ್ನು ನಿಲ್ಲಿಸಬೇಕು.

ಇಳಿಯುವಾಗ

ಹತ್ತಲು 127 ಟನ್ ಕೇಳಿದ ಗುರುತ್ವ ಇಳಿಯುವಾಗ ಅಷ್ಟನ್ನೇ ಬೇಡವೆಂದರೂ ಕೊಡುತ್ತದೆ. ಉರುಳಾಟದ ಹತ್ತು ಟನ್ ಕಳೆದರೂ ಸುಮಾರು 117 ಟನ್ ಬಲವನ್ನು ಘಟ್ಟದುದ್ದಕ್ಕೂ ಹಿಡಿದು ನಿಲ್ಲಿಸಬೇಕು. ಬರೀ ಚಕ್ರಕ್ಕೆ ಒತ್ತುವ ಬ್ರೇಕ್‌ಗಳನ್ನೇ ನೆಚ್ಚಿದರೆ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಹೀಗಾಗಿ ಇಳಿಯುವ ಭಾರದ ಗಾಡಿಗಳಿಗೂ ಹೆಚ್ಚುವರಿ ಇಂಜಿನ್ ಬೇಕಾಗುತ್ತದೆ. ಅದರ ಮೋಟಾರುಗಳು ಆಗ ಜನರೇಟರುಗಳಾಗಿ ತಿರುಗಿ, ಓಟವನ್ನು ವಿದ್ಯುತ್ತಾಗಿಸಿ, ಡೀಸೆಲ್ ಇಂಜಿನ್ನಿನಲ್ಲಾದರೆ ಚಾವಣಿಯ ರೆಸಿಸ್ಟರ್‌ಗಳಲ್ಲಿ ಬಿಸಿಯಾಗಿಸಿ ಗಾಳಿಗೆ ಬಿಡುತ್ತವೆ.

ಇದೂ ಕೈಕೊಟ್ಟರೆ? ಅದಕ್ಕಾಗಿ ಘಟ್ಟದ ಮಾರ್ಗಗಳಲ್ಲಿ ಅಲ್ಲಲ್ಲಿ ಕ್ಯಾಚ್ ಸೈಡಿಂಗ್ ಇರುತ್ತದೆ. ಮುಖ್ಯ ಹಳಿಯಿಂದ ಕವಲೊಡೆದು ಎದುರು ಏರಿಗೆ ಹತ್ತಿ ಮುಗಿಯುವ ಕುರುಡು ದಾರಿ. ವಿಶೇಷವೆಂದರೆ ಹಳಿಯ ಪಾಯಿಂಟ್ ಮಾಮೂಲಾಗಿ ಈ ಕುರುಡು ದಾರಿಯ ಕಡೆಗೇ ತಿರುಗಿರುತ್ತದೆ. ಇಳಿದು ಬಂದ ಗಾಡಿ ಅದರ ಮುಂದೆ ನಿಂತು ತೋರಿಸಬೇಕು. ಬ್ರೇಕ್ ಹಿಡಿತದಲ್ಲಿದೆ ಎಂದು ಖಾತ್ರಿಯಾದ ಮೇಲೆಯೇ ಮುಖ್ಯ ದಾರಿ ತೆರೆಯುತ್ತದೆ. ನಿಲ್ಲಲಾರದ ಗಾಡಿ ತಾನಾಗಿಯೇ ಎದುರೇರಿಗೆ ನುಗ್ಗಿ ವೇಗ ಕಳೆದುಕೊಳ್ಳುತ್ತದೆ.

ಬಲವನ್ನು ಚೆದುರಿಸುವುದು

ಬ್ಯಾಂಕರ್ ಕಟ್ಟಲು, ಬಿಚ್ಚಲು, ಬ್ರೇಕ್ ಪರೀಕ್ಷಿಸಲು ಹೊತ್ತು ಹಿಡಿಯುತ್ತದೆ. ಹಾಗಾಗಿ ಸಹಾಯಕ ಇಂಜಿನ್ನನ್ನು ಘಟ್ಟದ ಬುಡದಲ್ಲಿ ಕಟ್ಟುವ ಬದಲು ಗಾಡಿಯೊಳಗೇ ಸೇರಿಸುವ ಯೋಚನೆ ಬಂತು. 1960ರ ದಶಕದಲ್ಲಿ ಅಮೆರಿಕದಲ್ಲಿ ಮುಂದಿನ ಇಂಜಿನ್ನಿನಿಂದಲೇ ರೇಡಿಯೋ ಮೂಲಕ ನಡುವಿನ, ಹಿಂದಿನ ಇಂಜಿನ್ನುಗಳನ್ನು ನಡೆಸುವ ಪದ್ಧತಿ ಶುರುವಾಯಿತು. ಒಬ್ಬರೇ ಚಾಲಕರಾದ್ದರಿಂದ ಎಳೆತ, ನೂಕು ಎರಡೂ ಒಂದೇ ಕೈಯಲ್ಲಿರುತ್ತವೆ; ನೋಡ್ ಎಲ್ಲಿರಬೇಕೆಂಬುದೂ ಅವರದೇ ಆಯ್ಕೆ. ಸುರಂಗಗಳಲ್ಲಿ ರೇಡಿಯೋ ಸಂಕೇತ ಕಡಿದುಹೋಗುವುದು ಇದಕ್ಕಿರುವ ತೊಡಕು. ಸುರಂಗಗಳೇ ತುಂಬಿದ ನಮ್ಮ ಘಟ್ಟಗಳಿಗೆ ಅದು ಸಣ್ಣ ವಿಷಯವಲ್ಲ.

ಪ್ರಯಾಣಿಕರ ಗಾಡಿಗಳಲ್ಲಿ ಈ ಯೋಚನೆ ಇನ್ನೂ ಮುಂದೆ ಹೋಗಿದೆ. 2023ರಿಂದ ಮುಂಬಯಿ-ಸೋಲಾಪುರ ವಂದೇ ಭಾರತ್ ಭೋರ್ ಘಾಟನ್ನು ಬ್ಯಾಂಕರ್ ಇಲ್ಲದೆಯೇ ಹತ್ತುತ್ತಿದೆ. ಅದರ ಅರ್ಧದಷ್ಟು ಬೋಗಿಗಳ ಅಡಿಯಲ್ಲಿ ಮೋಟಾರುಗಳಿವೆ. ಇಂಜಿನ್ನಿನ ತೂಕಕ್ಕೆ ಬದಲು ಪ್ರಯಾಣಿಕರು ಕೂತ ಬೋಗಿಯ ತೂಕವೇ ಹಳಿಯನ್ನು ಹಿಡಿಯುತ್ತದೆ. ಗೂಡ್ಸ್ ಗಾಡಿಯ ಪ್ರತಿ ವ್ಯಾಗನ್ನಿಗೂ ಮೋಟಾರು ಹಾಕುವುದು ಕೈಗೆಟುಕದ ಖರ್ಚು. ಆದ್ದರಿಂದ ಕಲ್ಲಿದ್ದಲಿಗೆ, ಗೊಬ್ಬರಕ್ಕೆ, ಪೆಟ್ರೋಲಿಗೆ ಬ್ಯಾಂಕರ್ ಬೇಕೇ ಬೇಕು.

ಬದಲಾಗುತ್ತಿರುವುದು ಇಳಿಜಾರಿನ ಲೆಕ್ಕ. ಹೊಸ ವಿದ್ಯುತ್ ಇಂಜಿನ್ನುಗಳು ಇಳಿಯುವಾಗ ಹುಟ್ಟಿದ ವಿದ್ಯುತ್ತನ್ನು ಬಿಸಿಯಾಗಿ ಚೆಲ್ಲದೆ ಮೇಲಿನ ತಂತಿಗೆ ಹಿಂದಿರುಗಿಸುತ್ತವೆ. ಸ್ವೀಡನ್ನಿನ ಕಿರುನಾದಿಂದ ನಾರ್ವೆಯ ನಾರ್ವಿಕ್ ಬಂದರಿಗೆ ಅದಿರು ಹೊತ್ತು ಇಳಿಯುವ ಗಾಡಿಗಳು ಹೀಗೆ ಕೊಡುವ ವಿದ್ಯುತ್ತು, ಖಾಲಿ ಗಾಡಿಗಳು ಗಡಿಯವರೆಗೆ ಹಿಂದಿರುಗಿ ಹತ್ತಲು ಸಾಕಾಗುತ್ತದೆ. ನಮ್ಮ ಘಟ್ಟಗಳಲ್ಲಿ ಭಾರ ಎರಡೂ ದಿಕ್ಕಿಗೆ ಸಾಗುವುದರಿಂದ ಲೆಕ್ಕ ಅಷ್ಟು ಸಲೀಸಾಗಿ ಸರಿತೂಗುವುದಿಲ್ಲ. ಆದರೂ ಒಂದೇ ತಂತಿಯಡಿ ಒಂದು ಗಾಡಿ ಇಳಿಯುವಾಗ ಇನ್ನೊಂದು ಹತ್ತುತ್ತಿದ್ದರೆ, ಹತ್ತುವ ಗಾಡಿಗೆ ಬಾಲದಲ್ಲಿ ಕಟ್ಟಿದ ಬ್ಯಾಂಕರ್‌ಗಳ ಜೊತೆಗೆ ಎದುರಿನಿಂದ ಇಳಿದು ಬರುತ್ತಿರುವ ಗಾಡಿಯೂ ಒಂದು ಸಹಾಯಕ ಇಂಜಿನ್ನೇ. ಹಾಗಾಗಿ ಘಟ್ಟದ ವೇಳಾಪಟ್ಟಿ ಬರೆಯುವವರು ಮುಂದೆ ಯಾವ ಗಾಡಿ ಯಾವಾಗ ಹತ್ತಬೇಕು ಎಂಬುದರ ಜೊತೆಗೆ, ಆ ಹೊತ್ತಿಗೆ ಯಾವ ಗಾಡಿ ಇಳಿಯುತ್ತಿರಬೇಕು ಎಂಬುದನ್ನೂ ಗುಣಿಸಬೇಕಾದೀತು.